ಮಳಿ ಇಲ್ಲದಾಗ ಗೋಡಿ ಹಸಿ ಆಗ್ತದ, ಮೂಲ ಎಲ್ಲಿ ಹುಡುಕೋದು? (ಸಿಂಧನೂರು ತಾಲೂಕು)

ತೆನೆ_ಸಿಂಧನೂರು
ಎಲ್ಲರಿಗೂ ಶರಣು. ನಮ್ಮದು ಸಿಂಧನೂರು ತಾಲೂಕಿನ ಒಂದು ಹಳ್ಳಿ. ಮನಿ ಮಾವನೋರು ಕಟ್ಟಿಸಿದ್ದು. ಇಟ್ಟಂಗಿ ಗೋಡಿ, ಮ್ಯಾಲ ಆರ್‌ಸಿಸಿ. ಹಿಂದಿನ ಕಾಂಪೌಂಡ್ ದಾಟಿದ್ರ ಭತ್ತದ ಗದ್ದಿ. ಪಡಸಾಲಿ, ದೇವರ ಮನಿ ಎರಡೂ ಕಡಿ ಗೋಡಿ ಬುಡಕ್ಕ ಹಸಿ. ಬಣ್ಣ ಗುಳ್ಳಿ ಎದ್ದು ಬೀಳ್ತದ, ಒಳಗಿಂದ ಬಿಳಿ ಪುಡಿ ಉದುರ್ತದ. ಮುಂಜಾನಿ ಕಸ ಹೊಡದ್ರ ಸಂಜಿಗೆ ಮತ್ತ ಅಷ್ಟೇ.

ಕೆರೆಸಿ, ಪುಟ್ಟಿ ಹಾಕಿಸಿ, ವಾಟರ್‌ಪ್ರೂಫ್ ಬಣ್ಣ ಹಚ್ಚಿಸಿದ್ವಿ. ವರ್ಷ ತುಂಬೋದ್ರಾಗ ಪದರು ಪದರು ಕಿತ್ತು ಬಂತು. ಪೇಂಟರ್ ಈಗ ಇನ್ನೊಂದು ಕಂಪನಿದು ಹಚ್ಚೂಣು ಅಂತಾನ. ಬ್ಯಾರೆ ಒಬ್ಬರು ಬಂದು ಗೋಡಿಗೆ ತೂತು ಹೊಡದು ಕೆಮಿಕಲ್ ಬಿಡ್ತೀವಿ, ಗ್ಯಾರಂಟಿ ಕೊಡ್ತೀವಿ ಅಂದ್ರು. ರೇಟ್ ಕೇಳಿ ನಮ್ಮ ಮನಿಯವರು ಚಾ ಕುಡಿಸಿ ಕಳಿಸಿದ್ರು.

ಒಂದು ಮಾತ್ರ ತಿಳಿವಲ್ದು. ಮೇ ತಿಂಗಳ ದೊಡ್ಡ ಮಳಿಗೆ ಗೋಡಿಗೆ ಏನೂ ಆಗಂಗಿಲ್ಲ. ಆಗಸ್ಟ್‌ನ್ಯಾಗ ಮಳಿ ಇರ್ಲಿ ಬಿಡ್ಲಿ ಹಸಿ ಶುರು. ಸಂಕ್ರಾಂತಿ ದಾಟಿದ ಮ್ಯಾಲ, ಒಂದು ಹನಿ ಮಳಿ ಇಲ್ಲದಾಗ, ಭಾಳ ಜಾಸ್ತಿ. ಹಿಂಗ್ಯಾಕ?

ರಾಯಚೂರು_ಬಿಸಿಲು
ಫೋಟೋ ಹಾಕ್ರಿ ಅಕ್ಕಾರ.

ಕೊಪ್ಪಳ_ಗೌಂಡಿ
ಫೋಟೋ ಆಮ್ಯಾಲೆ. ಅಕ್ಕಾರ, ಮೊದಲು ಬಣ್ಣದ ಡಬ್ಬಿ ಮುಚ್ಚಿ ಇಡ್ರಿ. ಹಸಿ ಗೋಡಿಗೆ ಏನು ಹಚ್ಚಿದ್ರೂ ಒಳಗಿನ ನೀರು ಅದನ್ನ ಹೊರಗ ದಬ್ಬತೈತಿ. ಬಣ್ಣದ ತಪ್ಪಲ್ಲ, ಪೇಂಟರ್ ತಪ್ಪೂ ಅಲ್ಲ.

ಇಷ್ಟು ನೋಡಿ ಹೇಳ್ರಿ. ಹಸಿ ನೆಲದಿಂದ ಎಷ್ಟು ಎತ್ತರಕ್ಕ ಬಂದೈತಿ? ಮ್ಯಾಲಿನ ಅಂಚು ಗೆರಿ ಎಳದಂಗ ಸಾಲಾಗಿ ಐತೋ, ಒಂದೇ ಕಡೆ ಗುಂಡಗೆ ಐತೋ? ಗೋಡಿ ಆಚಿಕಡೆ ಬಚ್ಚಲ, ನಳ, ಸಂಪು ಏನರ ಐತೇನು? ಪಾಯಾದ ಮ್ಯಾಲೆ ಡಿಪಿಸಿ ಹಾಕ್ಯಾರೇನು, ಅಂದ್ರ ಗೋಡಿ ಏಳೋಕ್ಕಿಂತ ಮುಂಚೆ ಸುತ್ತಲೂ ಹಾಕೋ ಕಾಂಕ್ರೀಟ್ ಪಟ್ಟಿ?

ಮ್ಯಾಲಿಂದ ಸೋರೋ ನೀರು ಛತ್ತಿನ ಮೂಲಿಯಿಂದ ಇಳಿತೈತಿ. ಪೈಪ್ ಸೋರಿದ್ರ ಒಂದೇ ಜಾಗಾದಾಗ ಗುಂಡಗೆ ಕಲಿ ಬೀಳ್ತೈತಿ, ವರ್ಷಪೂರ್ತಿ ಇರ್ತೈತಿ. ನೆಲದಿಂದ ಏರಿದ್ದು ಉದ್ದಕ ಸಾಲಾಗಿ ಮೊಳಕಾಲು, ಸೊಂಟದ ಮಟ ಬಂದು ನಿಲ್ತೈತಿ. ನಿಮ್ಮದು ಮೂರನೇದು ಅಂತ ಕಾಣ್ತೈತಿ, ಆದ್ರೂ ನೋಡಿ ಹೇಳ್ರಿ.

ಗೋಡೆಗೆ_ಗ್ಯಾರಂಟಿ
ನಮ್ಮಲ್ಲಿ ಎಲ್ಲಾ ತರದ ಲೀಕೇಜಿಗೆ ಒಂದೇ ಕೋಟಿಂಗ್, ಶೇಕಡಾ ನೂರು ಪರಿಹಾರ! ಸಂಪರ್ಕಿಸಿ:

ನಿರ್ವಾಹಕ
ಮೇಲಿನ ಪೋಸ್ಟ್‌ನ ನಂಬರ್ ತೆಗೆದಿದೆ. ವ್ಯಾಪಾರ ಇಲ್ಲಿ ಬೇಡ. ಸಲಹೆ ಇದ್ದರೆ ಬರೆಯಿರಿ, ಅಭ್ಯಂತರವಿಲ್ಲ.

ಬಳ್ಳಾರಿ_ಸಿವಿಲ್
ಮೇಡಂ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಆಗಸ್ಟ್‌ನಲ್ಲಿ ಶುರು, ಜನವರಿ-ಫೆಬ್ರವರಿಯಲ್ಲಿ ಜೋರು. ಇದು ಮಳೆಯ ಲೆಕ್ಕ ಅಲ್ಲ, ಕಾಲುವೆಯ ಲೆಕ್ಕ. ತುಂಗಭದ್ರಾ ಎಡದಂಡೆಗೆ ಸಾಮಾನ್ಯವಾಗಿ ಜುಲೈನಲ್ಲಿ ನೀರು ಬಿಡುತ್ತಾರೆ. ಗದ್ದೆಗೆ ನೀರು ನಿಂತು, ನೆಲ ಕುಡಿದು, ಅಂತರ್ಜಲ ಮೇಲೆ ಬರಲು ವಾರಗಳು ಬೇಕು. ಎರಡನೇ ಬೆಳೆಗೂ ನೀರು ಹರಿದರೆ ಇಳಿಯಲು ಅದಕ್ಕೆ ಪುರುಸೊತ್ತೇ ಇರಲ್ಲ. ಮೇ ತಿಂಗಳಲ್ಲಿ ಕಾಲುವೆ ಬಂದ್, ನೆಲ ಒಣಗಿ ಬಾಯಿ ಬಿಟ್ಟಿರುತ್ತೆ. ಆಗ ಎಂಥ ಮಳೆ ಬಿದ್ದರೂ ಎರೆಭೂಮಿಯ ಬಿರುಕು ನುಂಗಿಬಿಡುತ್ತೆ, ಗೋಡೆವರೆಗೆ ಬರಲ್ಲ.

ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಇಟ್ಟಿಗೆ, ಗಾರೆ ಎರಡೂ ನೆಲದ ನೀರನ್ನ ಮೇಲೆ ಎಳೆಯುತ್ತವೆ. ನಿಮ್ಮ ಕಡೆ ನೀರಿನ ಜೊತೆ ಉಪ್ಪೂ ಬರುತ್ತೆ. ಕಾಲುವೆ ಬಂದ ಮೇಲೆ ಗಂಗಾವತಿ, ಸಿಂಧನೂರು, ಮಾನ್ವಿ ಭಾಗದಲ್ಲಿ ಎಷ್ಟು ಹೊಲ ಉಪ್ಪು ಹತ್ತಿ, ನೀರು ನಿಂತು ಸವಳು-ಜವಳು ಆಯ್ತು ಅಂತ ರೈತರಿಗೆ ಗೊತ್ತು. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೆಯೇ ಕೆಲಸ ಮಾಡುತ್ತಾರೆ. ಹೊಲಕ್ಕೆ ಬಂದ ಸವಳು ಮನೆ ಗೋಡೆಯನ್ನ ಬಿಡುತ್ತಾ? ಗೋಡೆ ಮೈಯಲ್ಲಿ ನೀರು ಆರಿ, ಉಪ್ಪು ಹರಳಾಗಿ, ಹರಳು ಬೆಳೆಯೋ ಒತ್ತಡಕ್ಕೆ ಪ್ಲಾಸ್ಟರ್ ಪುಡಿಯಾಗುತ್ತೆ. ನೀವು ಗುಡಿಸ್ತಿರೋದು ಅದನ್ನೇ.

ಖಾತ್ರಿಗೆ ಒಂದು ಕೆಲಸ ಮಾಡಿ. ಗೋಡೆಯಿಂದ ನಾಲ್ಕೈದು ಅಡಿ ದೂರ, ಮೂರು ಅಡಿ ಆಳದ ಗುಂಡಿ ತೋಡಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ನೀರು ಎಷ್ಟಕ್ಕೆ ನಿಂತಿದೆ ನೋಡಿ. ಮಕ್ಕಳು, ಕರುಗಳು ಬೀಳದ ಹಾಗೆ ಮೇಲೆ ಹಲಗೆ ಇರಲಿ. ಜೊತೆಗೆ ಮನೆಯವರೆಲ್ಲ ಮಲಗಿದ ಮೇಲೆ ನಳ ಎಲ್ಲ ಬಂದ್ ಮಾಡಿ ಮೀಟರ್ ನೋಡಿ. ಬೆಳಿಗ್ಗೆ ಮುಂದೆ ಹೋಗಿದ್ದರೆ ಪೈಪೂ ಸೋರುತ್ತಿದೆ ಅಂತ.

ತೆನೆ_ಸಿಂಧನೂರು
ಸರ್, ಗೌಂಡಿ ಅಣ್ಣಾರ, ಇಬ್ಬರಿಗೂ ಶರಣು. ಹಸಿ ಎರಡೂವರಿ ಅಡಿ ಮಟ ಅದ, ಸಾಲಾಗೇ ಅದ. ಆಚಿಕಡಿ ಬಚ್ಚಲ ಇಲ್ಲ. ನಮಗ ಮೀಟರ್ ಇಲ್ಲ, ಟ್ಯಾಂಕ್ ತುಂಬಿಸಿ ಗುರ್ತು ಹಾಕಿ ನೋಡಿದ್ವಿ, ಮುಂಜಾನಿಗೆ ಇಳಿದಿಲ್ಲ.

ಡಿಪಿಸಿ ಬಗ್ಗೆ ಮಾವನೋರಿಗೆ ಕೇಳಿದ್ರ, "ಆಗ ಗದ್ದಿ ಇಷ್ಟು ಹತ್ರ ಇರ್ಲಿಲ್ಲವ್ವ, ಜ್ವಾಳದ ಹೊಲ ಇತ್ತು, ಯಾರು ಪಟ್ಟಿ ಗಿಟ್ಟಿ ಹಾಕಿಸ್ತಿದ್ರು" ಅಂದ್ರು. ಇನ್ನೊಂದು ಮಾತು ಅವರೇ ನೆನಪು ಮಾಡಿದ್ರು: ಎರಡನೇ ಬೆಳಿಗೆ ನೀರು ಬಿಡದ ವರ್ಷ ಗೋಡಿ ಯುಗಾದಿ ಮಟ ಒಣಗೇ ಇತ್ತಂತ. ನನಗ ಅದು ತಲಿಗೇ ಹೊಳ್ದಿರ್ಲಿಲ್ಲ.

ಗುಂಡಿ ತೋಡಿಸೀವಿ. ನೀರು ನಿಂತದ, ನೆಲದಿಂದ ಎರಡು ಅಡಿ ಕೆಳಗೇ.

ಕೊಪ್ಪಳ_ಗೌಂಡಿ
ಎರಡು ಅಡಿ! ಪಾಯಾನೇ ನೀರಾಗ ನಿಂತೈತಿ ಅಂದಂಗಾತು.

ಹಂಗಾದ್ರ ಕೆಲಸ ಹೊರಗಿಂದ ಶುರು ಮಾಡ್ರಿ. ಹೊಲಕ್ಕ ಬಸಿಗಾಲುವಿ ತೆಗಿತೀರಲ್ಲ, ಮನಿಗೂ ಅದೇ. ಗದ್ದಿ ಕಡಿ ಕಾಂಪೌಂಡ್ ಒಳಗ ಉದ್ದಕ ಒಂದು ತಗ್ಗು ತೆಗಸ್ರಿ. ತೂತಿನ ಪೈಪು ಹಾಸಿ, ಸುತ್ತ ಜಾಳಿಗಿ ಬಟ್ಟಿ ಸುತ್ತಿ, ಮ್ಯಾಲೆ ಜಲ್ಲಿಕಲ್ಲು ತುಂಬ್ರಿ. ಬಟ್ಟಿ ಇಲ್ಲಂದ್ರ ಎರಿಮಣ್ಣು ತೂತು ಮುಚ್ಚಿಬಿಡ್ತೈತಿ. ಪೈಪಿಗೆ ಇಳಿಜಾರು ಕೊಟ್ಟು ನೀರು ಹೊರಗ ಹೋಗೋ ದಾರಿ ಮಾಡ್ರಿ. ಒಂದು ಎಚ್ಚರ: ತಗ್ಗು ಪಾಯಾಕ್ಕ ಹತ್ತಿ ಬ್ಯಾಡ, ಪಾಯಾದ ತಳಕ್ಕಿಂತ ಆಳನೂ ಬ್ಯಾಡ. ಎರಿಮಣ್ಣು ಒಮ್ಮಿಗೆ ಒಣಗಿದ್ರ ಕುಗ್ಗತೈತಿ, ಪಾಯಾ ಕುಂತು ಗೋಡಿ ಸೀಳತೈತಿ.

ಆಮ್ಯಾಲೆ ಒಳಗ. ಹಸಿ ಗೆರಿಗಿಂತ ಒಂದು ಅಡಿ ಮ್ಯಾಲಿನ ಮಟ ಪ್ಲಾಸ್ಟರ್ ಪೂರಾ ಕೆಡವ್ರಿ. ಇಟ್ಟಂಗಿ ಸಂದು ಕೆರೆದು ಬ್ರಷ್ ಹೊಡೀರಿ, ನೀರು ಹಾಕಿ ತೊಳೀಬ್ಯಾಡ್ರಿ. ಕೆಡವಿದ ಪ್ಲಾಸ್ಟರ್ ಅವತ್ತೇ ಹೊರಗ ಹಾಕ್ರಿ, ಅದ್ರಾಗ ಉಪ್ಪೈತಿ, ಮತ್ತ ಭರ್ತಿಗೆ ಬಳಸಬ್ಯಾಡ್ರಿ. ಗೋಡಿ ಬೆತ್ತಲಿ ಬಿಡ್ರಿ. ಮಾರ್ಚ್ ಕೊನಿಗೆ ಶುರು ಮಾಡಿದ್ರ ಎರಡು ತಿಂಗಳು ನಮ್ಮ ಬಿಸಿಲೇ ಕೆಲಸ ಮಾಡ್ತೈತಿ, ಪುಕ್ಕಟೆ.

ರಾಯಚೂರು_ಬಿಸಿಲು
ಬಿಸಿಲಿಗೆ ಬೆಲಿ ಕೊಟ್ಟವರು ನೀವೊಬ್ರೇ ಅಣ್ಣಾ 😄

ಬಳ್ಳಾರಿ_ಸಿವಿಲ್
ಗೌಂಡಿಯವರು ಹೇಳಿದ್ದು ಸರಿ. ಉಪ್ಪಿನ ವಿಷಯ ಇನ್ನೂ ಒತ್ತಿ ಹೇಳಬೇಕು. ಅದು ಗಾಳಿಯ ತೇವವನ್ನೂ ಎಳೆಯುತ್ತೆ. ನೀರು ಬರೋದು ನಿಂತರೂ ಹಳೇ ಪ್ಲಾಸ್ಟರ್ ಇದ್ದರೆ ಮೋಡದ ದಿನ ಗೋಡೆ ಮತ್ತೆ ಹಸಿಯಾಗಿ ಕಾಣುತ್ತೆ, ಮಾಡಿದ ಕೆಲಸ ಎಲ್ಲಾ ಹಾಳು ಅನಿಸುತ್ತೆ. ಅದಕ್ಕೇ ಕೆಡವಲೇಬೇಕು.

ಕೆಮಿಕಲ್ ಇಂಜೆಕ್ಷನ್ ಬಗ್ಗೆ: ಅದು ಮೋಸ ಅಲ್ಲ. ಇಟ್ಟಿಗೆ ಗೋಡೆಯ ಬುಡದ ಗಾರೆ ಸಾಲಿನಲ್ಲಿ ನಾಲ್ಕೈದು ಇಂಚಿಗೊಂದು ತೂತು ಹೊಡೆದು ಸಿಲೇನ್ ಜಾತಿಯ ದ್ರಾವಣ ಇಲ್ಲವೇ ಕ್ರೀಮ್ ತುಂಬುತ್ತಾರೆ, ಒಳಗೆ ನೀರು ಹತ್ತದ ಒಂದು ಪಟ್ಟಿ ಆಗುತ್ತೆ. ಬತ್ತಿ ಕೆಲಸ ನಿಲ್ಲಿಸುತ್ತೆ. ಆದರೆ ನೀರು ಒತ್ತಡದಿಂದ ನುಗ್ಗುತ್ತಿದ್ದರೆ ನಿಲ್ಲಿಸಲ್ಲ. ಮಣ್ಣಿನ ಗೋಡೆ, ಸೈಜುಗಲ್ಲಿಗೆ ಮಣ್ಣಿನ ಗಾರೆ ಇರೋ ಗೋಡೆಗೆ ಪ್ರಯೋಜನ ಇಲ್ಲ. ನಿಮ್ಮ ಮನೆಗೆ ಅದು ಬೇಕೇ ಬೇಕು ಅನಿಸಿದರೆ ಬಸಿಗಾಲುವೆ ಆಗಿ ಒಂದು ಕಾಲುವೆ ಹಂಗಾಮು ನೋಡಿದ ಮೇಲೆ ಯೋಚಿಸಿ. ಈಗ ದುಡ್ಡು ಹಾಕಬೇಡಿ.

ತೆನೆ_ಸಿಂಧನೂರು
ಗೋಡಿ ಒಣಗಿದ ಮ್ಯಾಲ ಸಿಮೆಂಟ್ ಪ್ಲಾಸ್ಟರೇ ಮಾಡಸ್ಬೇಕಾ, ಸುಣ್ಣದ್ದಾ?

ಕೊಪ್ಪಳ_ಗೌಂಡಿ
ಸುಣ್ಣ. ಒಂದಕ್ಕ ಮೂರು ಉಸುಕು, ತೊಳದ ಉಸುಕು. ಸುಣ್ಣದ ಗೋಡಿ ಉಸಿರಾಡ್ತೈತಿ, ಉಳಿದ ತೇವ ಹೊರಗ ಹಾಕ್ತೈತಿ. ಸಿಮೆಂಟ್ ಬಾಯಿ ಮುಚ್ಚಿಬಿಡ್ತೈತಿ, ನೀರು ಇನ್ನೂ ಮ್ಯಾಲಕ ದಾರಿ ಹುಡುಕ್ತೈತಿ. ಸುಣ್ಣದ್ದೂ ಕೆಲವು ವರ್ಷಕ್ಕ ಉಪ್ಪು ತಿಂದು ಉದುರ್ತೈತಿ, ಆವಾಗ ಅಷ್ಟನ್ನೇ ಕೆರೆದು ಮತ್ತ ಹಚ್ಚಬೇಕು. ನಮ್ಮ ಬಿಸಿಲಿಗೆ ಬಿರಬಿರನ ಆರಿ ಸೀಳ್ತೈತಿ, ಗೋಣಿತಟ್ಟು ತೊಯ್ಸಿ ಇಳಿಬಿಡ್ರಿ. ಮ್ಯಾಲೆ ಬಣ್ಣ ಅಂತ ಏನರ ಬೇಕಾದ್ರ ಸುಣ್ಣನೇ ಬಳೀರಿ. ಪುಟ್ಟಿ ಅಂತೂ ಬ್ಯಾಡ.

ಮಾನ್ವಿ_ಮಗ
ನಡುವ ಬಾಯಿ ಹಾಕ್ತೀನಿ, ಕ್ಷಮಸ್ರಿ. ನಮ್ಮವ್ವನ ಮನಿ ಹಳೇ ಮಾಳಗಿ ಮನಿ. ತೊಲಿ, ಜಂತಿ, ಮ್ಯಾಲ ಮಣ್ಣು. ಹೋದ ಸಲ ಸೆಪ್ಟೆಂಬರ್ ಮಳಿಗೆ ಅಡಿಗಿ ಮನ್ಯಾಗ ನಾಕು ಕಡಿ ಸೋರ್ತು, ಪಾತ್ರಿ ಇಟ್ಟು ಇಟ್ಟು ಅವ್ವ ರಾತ್ರಿ ಎಲ್ಲಾ ಕುಂತಾಳ. ನಾ ಬೆಂಗಳೂರಾಗ ಇರ್ತೀನಿ. ಮಾಳಗಿ ಮ್ಯಾಲ ಒಂದು ಇಂಚು ಸಿಮೆಂಟ್ ಹಾಕಿಸಿಬಿಡ್ಲಾ ಅಂತ. ಇಲ್ಲಾ ಪೂರಾ ಕೆಡವಿ ಆರ್‌ಸಿಸಿ?

ಕುಷ್ಟಗಿ_ಅಜ್ಜ
ತಮ್ಮಾ, ಸಿಮೆಂಟ್ ಹಾಕಸ್ಬ್ಯಾಡ. ಮಾಳಗಿ ಅಂದ್ರ ಅಲುಗಾಡೋ ಸಾಮಾನು. ಬ್ಯಾಸಿಗಿಗೆ ಜಂತಿ ಒಣಗಿ ಸಡಲ ಆಗ್ತಾವು, ಮಳಿಗಾಲಕ್ಕ ಉಬ್ಬತಾವು. ಸಿಮೆಂಟ್ ಅಲುಗೂದಿಲ್ಲ, ಸೀಳತೈತಿ. ಸೀಳಿನಾಗ ಇಳಿದ ನೀರು ಮತ್ತ ಮ್ಯಾಲೆ ಬರೂದಿಲ್ಲ, ಮಣ್ಣಿನಾಗ ಕುಂತು ತೊಲಿ ತಿಂತೈತಿ. ನಿನಗ ಕೆಳಗಿಂದ ಕಾಣೂದೂ ಇಲ್ಲ. ತೊಲಿ ಗೋಡ್ಯಾಗ ಕುಂತಿರೋ ತುದಿ ಮೊದಲು ಹೋಗತೈತಿ. ಒಂದಿನ ಒಮ್ಮಿಗೆ ಬರ್ತೈತಿ.

ಸೋರಾಕ ಕಾರಣ ಕೇಳು. ನಿಮ್ಮವ್ವನ ಮಾಳಗಿಗೆ ಮಣ್ಣು ಹಾಕಿ ಎಷ್ಟು ವರ್ಷ ಆತು? ನಮ್ಮ ಕಾಲಕ್ಕ ರೋಹಿಣಿ ಮಳಿ ಬರೂದ್ರಾಗ ಎಲ್ಲಾರ ಮನಿ ಮ್ಯಾಲೂ ಸವಳಮಣ್ಣು ಬಿದ್ದಿರ್ತಿತ್ತು. ಹಳ್ಳದ ದಂಡಿ, ಬೆಳಿ ಬೆಳೀದ ಬೆಳ್ಳನ ಜಾಗಾದಿಂದ ಬಂಡಿಗಟ್ಲೆ ತರತಿದ್ರು. ಹೊಲಕ್ಕ ಬಂದ್ರ ಹಾಳು, ಮಾಳಗಿಗೆ ಹಾಕಿದ್ರ ಬಂಗಾರ. ಮೊದಲ ಮಳಿ ಬಿದ್ದ ಕೂಡ್ಲೆ ಮ್ಯಾಲೆ ನುಣ್ಣನ ಕೆನಿ ಕಟ್ಟತೈತಿ, ನೀರು ಇಳಿಯೂದಿಲ್ಲ, ದೋಣಿ (ಮಾಳಗಿ ನೀರು ಹೊರಗ ಬೀಳೋ ಹರನಾಳಿ) ಕಡೆ ಹರಕೊಂಡು ಹೋಗತೈತಿ.

ಮಣ್ಣು ಹಾಕೂದಂದ್ರ ಹಳೇದ್ರ ಮ್ಯಾಲೆ ಹೊಸಾದು ಒಟ್ಟೂದಲ್ಲ ಮತ್ತ. ಹಂಗ ಒಟ್ಟಿ ಒಟ್ಟಿ ಒಂದೂವರಿ ಮೊಳ ಆಗಿ ತೊಲಿ ಬಾಗಿದ ಮನಿ ನೋಡೀನಿ. ಹುಲ್ಲು ಬೇರು ಸಮೇತ ಕೀಳಬೇಕು, ಹಳೇದು ಕೆರೆದು ಇಳಸಬೇಕು, ಇಲಿ ತೂತಿಗೆ ಮೆತ್ತಬೇಕು, ಆಮ್ಯಾಲೆ ನಾಕು ಬಟ್ಟು ಹೊಸಾದು ಹಾಕಿ ದೋಣಿ ಕಡೆ ವಾಟ ಕೊಟ್ಟು ಬಡಿಬೇಕು. ಬೆಳಕಿಂಡಿ ಸುತ್ತ ಕಟ್ಟಿ ಎತ್ತರ ಐತೇನು ನೋಡು. ಅರ್ಧ ಸೋರಾಟ ಅಲ್ಲಿಂದನ ಇರ್ತೈತಿ.

ಬಳ್ಳಾರಿ_ಸಿವಿಲ್
ಅಜ್ಜಾರು ಹೇಳಿದ ಸವಳುಮಣ್ಣಿನ ಗುಟ್ಟು ಸೋಡಿಯಂ. ಅದು ಹೆಚ್ಚಿದ್ದಾಗ ಜೇಡಿಯ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿ ಸಂದುಗಳನ್ನ ಮುಚ್ಚುತ್ತವೆ, ನೀರು ಇಂಗೋದು ನಿಲ್ಲುತ್ತೆ. ಹೊಲದಲ್ಲಿ ಬೆಳೆ ಸಾಯಿಸೋದೂ ಇದೇ ಗುಣ. ತಮಾಷೆ ನೋಡಿ, ಈ ಥ್ರೆಡ್‌ನಲ್ಲಿ ಸಿಂಧನೂರಿನ ಗೋಡೆ ಕೆಡಿಸ್ತಿರೋ ಸವಳು ಮಾನ್ವಿಯ ಮಾಳಿಗೆಯನ್ನ ಉಳಿಸೋ ಔಷಧ.

ಮಾನ್ವಿಯವರೇ, ಮಣ್ಣು ಹಾಕಿಸೋ ಮೊದಲು ತೊಲೆ ತುದಿಗಳನ್ನ ನೋಡಿಸಿ. ಗೋಡೆಗೆ ಸೇರೋ ಕಡೆ ಚೂಪು ಸಲಾಕೆಯಿಂದ ಚುಚ್ಚಿದರೆ ಒಳಗೆ ಇಳಿಯಬಾರದು. ಇಳಿದರೆ, ಇಲ್ಲವೇ ಒರಲೆ ಮಣ್ಣು ಕಂಡರೆ ಮೊದಲು ಕೆಳಗೆ ಕಂಬ ಕೊಟ್ಟು ಆಮೇಲೆ ಮಾಳಿಗೆ ಹತ್ತಿ. ಅಲ್ಲಿವರೆಗೆ ಅಮ್ಮನವರು ಆ ಕೋಣೆಯಲ್ಲಿ ಮಲಗೋದು ಬೇಡ.

ಮಾನ್ವಿ_ಮಗ
ಅಜ್ಜಾರ, ಮಣ್ಣು ಹಾಕೋ ಮಂದಿ ಈಗ ಎಲ್ಲಿ ಸಿಗ್ತಾರ್ರಿ? ತಾಡಪತ್ರಿ ಹೊದಿಸಿ ಈ ವರ್ಷ ಕಳದ್ರ?

ಕುಷ್ಟಗಿ_ಅಜ್ಜ
ಮಳಿ ಬಂದಾಗ ಹೊದಿಸು, ಬಿಸಿಲು ಬಿದ್ದ ಕೂಡ್ಲೆ ತೆಗಿ. ತಿಂಗಳಗಟ್ಲೆ ಮುಚ್ಚಿಟ್ರ ಒಳಗ ಬೆವತು ಜಂತಿಗೆ ಬೂಷ್ಟು ಬರ್ತೈತಿ. ಮಂದಿ ಅದಾರ, ನಿಮ್ಮೂರಾಗ ಕೇಳ್ಸು. ಕೇಳಾವ್ರು ಇಲ್ಲಂತ ಸುಮ್ಮನ ಕುಂತಾರ.

ಲಿಂಗಸುಗೂರು_ಹುಡುಗ
ನಮ್ಮ ಪಡಸಾಲ್ಯಾಗ ಫರಸಿ, ಅಂದ್ರ ನೆಲದ ಹಾಸುಗಲ್ಲು, ಎರಡು ಕುಸಿದಾವ್ರಿ. ಮಳಿ ಆದ ಮ್ಯಾಲ. ಬಡದ್ರ ಟೊಳ್ಳು ಸಪ್ಪಳ. ಅಪ್ಪ ಉಸುಕು ತುಂಬಿ ಫರಸಿ ಕೂಡಸ್ತೀನಿ ಅಂತಾನ.

ಕುಷ್ಟಗಿ_ಅಜ್ಜ
ಮನಿ ಎಷ್ಟು ಹಳೇದು? ನೆಲದ ಕೆಳಗ ಹಗೇವು, ಅಂದ್ರ ಕಾಳು ತುಂಬಿಡೋ ಗುಂಡಿ, ಇತ್ತೇನು ಕೇಳು ಮೊದಲು.

ಲಿಂಗಸುಗೂರು_ಹುಡುಗ
ಆಯಿಗೆ ಕೇಳ್ದೆ. ಇತ್ತಂತ! ಅವಳ ಅತ್ತಿ ಕಾಲಕ್ಕ ಜ್ವಾಳ ತುಂಬತಿದ್ರಂತ. ಬಾಯಿ ಮುಚ್ಚಿ ಮ್ಯಾಲ ಫರಸಿ ಹಾಸ್ಯಾರ, ಒಳಗ ಭರ್ತಿ ಮಾಡ್ಯಾರೋ ಇಲ್ಲೋ ನೆನಪಿಲ್ಲಂತ.

ಕುಷ್ಟಗಿ_ಅಜ್ಜ
ಇವತ್ತೇ ಆ ಪಡಸಾಲಿ ಖಾಲಿ ಮಾಡ್ರಿ. ಕಪಾಟು, ಮಂಚ ಹೊರಗ. ಯಾರೂ ಒಳಗ ಇಳಿಯಾಕ ಹೋಗಬ್ಯಾಡ್ರಿ. ಹಗೇವಿನ ಗಾಳಿ ಕೆಟ್ಟದ್ದು, ಕಾಳು ತೆಗಿಯಾಕ ಇಳಿದವರು ಮ್ಯಾಲೆ ಬರದ್ದು ನಾ ಕಂಡೀನಿ. ಅವರನ್ನ ಎತ್ತಾಕ ಇಳಿದವರೂ ಬರ್ಲಿಲ್ಲ. ಲಾಟೀನು ಬಿಟ್ಟು ನೋಡ್ತಾರ, ಉರೀತು ಅಂತ ಇಳಿಯೂದಲ್ಲ.

ಬಳ್ಳಾರಿ_ಸಿವಿಲ್
ಅಜ್ಜಾರ ಮಾತು ಅಕ್ಷರಶಃ ಪಾಲಿಸಿ. ಕಾಳು, ಕೊಳೆತ ಕಸ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಅದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತೆ, ವಾಸನೆಯೂ ಇರಲ್ಲ. ಉಸುಕಿನ ಬದಲು ಮೇಲಿಂದಲೇ ಗರಸು ಹಾಕಿಸಿ. ಅರ್ಧ ಅಡಿ ಪದರ, ನೀರು ಚಿಮುಕಿಸಿ, ಉದ್ದ ಕೋಲಿನಿಂದ ಬಡಿದು, ಮುಂದಿನ ಪದರ. ಬಾಯಿ ಸುತ್ತ ನೆಲ ಎಷ್ಟು ದೂರ ಟೊಳ್ಳಿದೆ ಅಂತ ಯಾರಾದರೂ ಇಂಜಿನಿಯರ್ ಬಂದು ನೋಡೋವರೆಗೆ ಅದರ ಮೇಲೆ ನಿಂತು ಕೆಲಸ ಮಾಡಿಸಬೇಡಿ. ಮಳೆ ನೀರು ಅಲ್ಲಿಗೆ ಯಾವ ದಾರಿಯಿಂದ ಬಂತು ಅನ್ನೋದನ್ನೂ ನೋಡಿ.

ಲಿಂಗಸುಗೂರು_ಹುಡುಗ
ದಾರಿ ಗೊತ್ತದ ಸರ್. ಓಣ್ಯಾಗ ಸಿಸಿ ರಸ್ತಿ ಮ್ಯಾಲ ಸಿಸಿ ರಸ್ತಿ ಹಾಕಿ ಹಾಕಿ ನಮ್ಮ ಹೊಸ್ತಲ ಈಗ ರಸ್ತಿಕಿಂತ ಕೆಳಗ ಆಗ್ಯಾದ.

ರಾಯಚೂರು_ಬಿಸಿಲು
ಇದು ಊರೂರ ಕತಿ. ಹಳೇದು ಅಗೀದೇ ಮ್ಯಾಲೇ ಹಾಕ್ತಾರ. ಕೆಲಸ ಶುರು ಆಗೋ ಮುಂಚೆ ಓಣಿ ಮಂದಿ ಒಟ್ಟಾಗಿ ಹೋಗಿ ಅರ್ಜಿ ಕೊಡ್ರಿ, ಕಾಂಕ್ರೀಟ್ ಬಿದ್ದ ಮ್ಯಾಲ ಯಾರೂ ಕೇಳಂಗಿಲ್ಲ.

ಸಿರುಗುಪ್ಪ_ಹೊಳೆದಂಡೆ
ಎಲ್ಲ ಓದಿದೆ. ನಮ್ಮದು ಹೊಳೆ ನೀರಿನ ಕಥೆ. 2009ರಲ್ಲಿ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರ, ಮಂತ್ರಾಲಯ ಮುಳುಗಿತಲ್ಲ, ಆ ಸಲ ನಮ್ಮ ಓಣಿಗೂ ನೀರು ಬಂತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯ್ತು ಅಂದಾಗ ಅವ್ವ ಟ್ರಂಕು ಅಟ್ಟಕ್ಕೆ ಏರಿಸಿ ಕೂತಿದ್ದಳು.

ಪರಿಹಾರದ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಬರೀತೀನಿ. ಮಳೆ, ಪ್ರವಾಹಕ್ಕೆ ಮನೆ ಬಿದ್ದರೆ ಗ್ರಾಮ ಆಡಳಿತಾಧಿಕಾರಿ ಬಂದು ಪಂಚನಾಮೆ ಮಾಡೋವರೆಗೆ ಬಿದ್ದ ಗೋಡೆ ತೆರವು ಮಾಡಬೇಡಿ. ಆಗದಿದ್ದರೆ ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ, ನೀರು ನಿಂತ ಗುರುತೂ ಕಾಣಬೇಕು. 2022ರಿಂದ 2026ರವರೆಗಿನ ಎಸ್‌ಡಿಆರ್‌ಎಫ್ (ರಾಜ್ಯದ ವಿಪತ್ತು ಪರಿಹಾರ ನಿಧಿ) ಲೆಕ್ಕದಲ್ಲಿ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ. ಕನಿಷ್ಠ ಶೇ 15ರಷ್ಟು ಹಾನಿಯಾದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. ರಾಜ್ಯ ಸರ್ಕಾರ ಕೆಲವೊಮ್ಮೆ ಇದಕ್ಕೆ ಸೇರಿಸುತ್ತೆ. ಅದಕ್ಕೇ ಪಂಚನಾಮೆಯಲ್ಲಿ ಏನು ಬರೆದರು ಅಂತ ಓದಿಸಿಕೊಂಡು ಸಹಿ ಹಾಕಿ. "ಭಾಗಶಃ" ಅನ್ನೋ ಒಂದು ಪದ ಲಕ್ಷದಿಂದ ಸಾವಿರಕ್ಕೆ ಇಳಿಸುತ್ತೆ.

ಪಹಣಿ ತೋಯ್ದರೆ ಅಳಬೇಡಿ, ನಾಡಕಚೇರಿಯಲ್ಲಿ ಮತ್ತೆ ಸಿಗುತ್ತೆ. ಖರೀದಿ ಪತ್ರದ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೊಡುತ್ತಾರೆ. ಒದ್ದೆ ನೋಟು ಒಂದಕ್ಕೊಂದು ಅಂಟಿದ್ದರೆ ಎಳೆಯಬೇಡಿ, ನೆರಳಲ್ಲಿ ಒಣಗಿಸಿ ಬ್ಯಾಂಕಿಗೆ ಒಯ್ಯಿರಿ.

ಸಂಪಿಗೆ ಹೊಳೆ ನೀರು ನುಗ್ಗಿದ್ದರೆ ಪೂರ್ತಿ ಖಾಲಿ ಮಾಡಿ, ತಿಕ್ಕಿ ತೊಳೆದು, ಹೊಸ ನೀರು ತುಂಬಿ. 1000 ಲೀಟರಿಗೆ 2.5 ಗ್ರಾಂ ಒಳ್ಳೆ ಬ್ಲೀಚಿಂಗ್ ಪುಡಿ. ಬಕೆಟ್‌ನಲ್ಲಿ ಕದಡಿ, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಸುರಿದು ಒಂದು ತಾಸು ಬಿಡಿ. ಕರೆಂಟ್ ಬೋರ್ಡ್ ಒದ್ದೆ ಇದ್ದರೆ ಮೇನ್ ಮುಟ್ಟಬೇಡಿ, 1912ಕ್ಕೆ ಫೋನ್ ಮಾಡಿ.

ತೆನೆ_ಸಿಂಧನೂರು
ನಂದೊಂದು ಗೋಡಿ ಕೇಳಾಕ ಬಂದು ಎಷ್ಟು ತಿಳ್ಕೊಂಡೆ! ಮನಿಯವರು, ಮಾವನೋರು ಕುಂತು ಮಾತಾಡಿದ್ವಿ. ಕಾಲುವಿ ಬಂದ್ ಆದ ಕೂಡ್ಲೆ ತಗ್ಗು ತೆಗಸೋದು, ಪ್ಲಾಸ್ಟರ್ ಕೆಡವೋದು ಅಂತ ಆಗ್ಯಾದ. ದೇವರ ಮನಿ ಮಾತ್ರ ಶ್ರಾವಣದಾಗ ಬೆತ್ತಲಿ ಗೋಡಿ ಇರಬಾರ್ದು ಅಂತ ಅತ್ತಿ ಹಟ, ಆವಾಗಿನ ಮಟ ಸುಣ್ಣ ಆಗ್ತದ ಅಂತ ಒಪ್ಪಿಸೀವಿ.

ಕೊನಿ ಪ್ರಶ್ನಿ. ಬಸಿಗಾಲುವಿ ನೀರು ಹೊರಗ ಹೋಗಬೇಕಂದ್ರ ಪಕ್ಕದವರ ಗದ್ದಿ ದಾಟಿ ಹಳ್ಳಕ್ಕ ಹೋಗ್ಬೇಕು. ಅವರು ಒಪ್ಪಂಗಿಲ್ಲ. ಗದ್ದಿ ನೀರು ನಮ್ಮನಿಗೆ ಬರೋದಕ್ಕ ಯಾರೂ ಅನುಮತಿ ಕೇಳಿರ್ಲಿಲ್ಲ, ಅದು ಬ್ಯಾರೆ ಮಾತು.

ಕೊಪ್ಪಳ_ಗೌಂಡಿ
ಜಗಳ ಬ್ಯಾಡ್ರಿ ಅಕ್ಕಾರ. ಕಾಂಪೌಂಡ್ ಮೂಲ್ಯಾಗ ಪೈಪಿನ ತುದಿಗಿಂತ ಎರಡು ಅಡಿ ಆಳ ಸಿಮೆಂಟ್ ರಿಂಗ್ ಇಳಸ್ರಿ, ನೀರು ಅಲ್ಲಿ ಕೂಡ್ಲಿ. ತೇಲುಗುಂಡು ಇರೋ ಸಣ್ಣ ಮೋಟರ್ ಇಟ್ರ ತುಂಬಿದಾಗ ತಾನೇ ಎತ್ತತೈತಿ. ಮುಂದಿನ ರಸ್ತಿ ಗಟಾರಕ್ಕ ಬಿಡ್ರಿ. ಸವಳು ನೀರದು, ಹೂವಿನ ಗಿಡಕ್ಕ ಹಾಕಬ್ಯಾಡ್ರಿ.

ಬಳ್ಳಾರಿ_ಸಿವಿಲ್
ಮೋಟರಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗೋ ಸ್ವಿಚ್) ಹಾಕಿಸೋದು ಮರೆಯಬೇಡಿ. ರಿಂಗಿಗೆ ಮುಚ್ಚಳವೂ ಇರಲಿ, ಸೊಳ್ಳೆ. ಮೊದಲ ಹಂಗಾಮಿನಲ್ಲಿ ಮೋಟರ್ ಎಷ್ಟು ಸಲ ಓಡುತ್ತೆ ಅಂತ ಇಲ್ಲಿ ಬರೆಯಿರಿ, ಇಂಜೆಕ್ಷನ್ ಬೇಕಾ ಬೇಡವಾ ಅಂತ ಆಗ ಹೇಳಬಹುದು.